ಟೇಪಿನೊಳಗಿನ ಸವತಿ

ಮದುವೆಗೆ ಮೊದಲೇ ಸವತಿಯ ಕಾಟ ಅನುಭವಿಸಿದ ಹೆಣ್ಣು ನಾನೊಬ್ಬಳೇ ಇರಬೇಕು. ಅದೂ ಎಂಥ ಸವತಿ! ಮುಖವಿಲ್ಲ, ಮೈಯಿಲ್ಲ, ಬರೀ ಒಂದು ನಗು.

ರೇಡಿಯೋ ಕೇಂದ್ರದ ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಏರಿಸುವ ಕೋಣೆಯಲ್ಲಿ ನಾವಿಬ್ಬರೇ. ಗೂಢಚಾರರ ಕತೆ ಬರೆದವರು, ಸಿನಿಮಾ ನಟನಟಿಯರು ಎಂದೋ ಕೊಟ್ಟ ಸಂದರ್ಶನಗಳವು. ಒಂದೊಂದನ್ನೂ ಕೂತು ಕೇಳಿ, ಅದರಲ್ಲಿರುವ ಪ್ರತಿ ದನಿಗೂ ಹೆಸರು ಬರೆಯಬೇಕು. ಯಾರೆಂದು ತಿಳಿಯದಿದ್ದರೆ 'ಅಪರಿಚಿತ' ಎಂದು ಹಾಕಿ ಮುಂದಕ್ಕೆ ಹೋಗಬೇಕು. ಅವನು ಮುಂದಕ್ಕೆ ಹೋಗಲೇ ಇಲ್ಲ.

ಆಫೀಸಿನವರು ಅವನನ್ನು ಮೌನಿಬಾಬಾ ಎನ್ನುತ್ತಾರೆ. ಮಾತು ಕಡಿಮೆ, ರೆಪ್ಪೆ ಉದ್ದ. ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿದನೆಂದರೆ ನಾನು ಧಾರಾಳವಾಗಿ ನೋಡಬಹುದು. ಬಂದಾಗಿನಿಂದ ನೋಡುತ್ತಲೇ ಇದ್ದೆ. ಆದರೆ ಈಚೆಗೆ ಅವನು ಕಣ್ಣು ಮುಚ್ಚುವುದು ಬೇರೊಬ್ಬಳಿಗಾಗಿ.

ಅದೊಂದು ಗೂಢಚಾರ ಕಾದಂಬರಿಕಾರರ ಸಂದರ್ಶನ. "ನನ್ನ ನಾಯಕ ಐದನೇ ಮಹಡಿಯಿಂದ ಹಾರ್ತಾನೆ. ನಾನು ಜಿರಲೆ ಕಂಡ್ರೆ ಕುರ್ಚಿ ಹತ್ತಿ ನಿಲ್ತೀನಿ" ಎನ್ನುತ್ತಾರೆ ಅವರು. ಆಗ ಮೈಕಿನಿಂದ ದೂರದಲ್ಲಿ ಯಾರೋ ಹೆಂಗಸು ನಗುತ್ತಾಳೆ. ಮೊದಲು ತಡೆದುಕೊಂಡು, ಆಮೇಲೆ ತಡೆಯಲಾರದೆ, ಕೊನೆಗೆ ಸಣ್ಣದೊಂದು ಗೊರಕೆಯೊಂದಿಗೆ. ಇವನು ಅಷ್ಟನ್ನೇ ಹಿಂದಕ್ಕೆ ತಿರುಗಿಸಿ ತಿರುಗಿಸಿ ಕೇಳುತ್ತಾನೆ. ಕೇಳುವಾಗ ತುಟಿಯಂಚಿನಲ್ಲಿ ಒಂದು ಕಿರುನಗೆ. ಅದನ್ನು ಕಂಡಾಗಲೆಲ್ಲ ನನ್ನ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು.

"'ಅಪರಿಚಿತ' ಅಂತ ಹಾಕಿ ಮುಗಿಸಬಾರದಾ?" ಎಂದೆ.

"ಗೊತ್ತಿರೋ ನಗು ಅನ್ಸುತ್ತೆ ಮೇಡಂ."

"ಓಹೋ! ಪೂರ್ವಜನ್ಮದ್ದೋ?"

ಅವನು ನನ್ನ ಕಡೆ ನೋಡಿದ. ಮತ್ತೆ ಹೆಡ್‌ಫೋನ್ ಏರಿಸಿಕೊಂಡ.

ಮಧ್ಯಾಹ್ನ ನಾನೂ ಸೇಡು ತೀರಿಸಿಕೊಂಡೆ. ಹಳೆಯ ನಟರೊಬ್ಬರ ಟೇಪ್ ಹಾಕಿ, "ಅಬ್ಬಾ, ಎಂಥ ಗಂಟಲು! ಈಗಿನವರಿಗೆ ಎಲ್ಲಿಂದ ಬರ್ಬೇಕು" ಎಂದು ಅವನಿಗೆ ಕೇಳುವಂತೆ ನಿಟ್ಟುಸಿರು ಬಿಟ್ಟೆ.

"ಅದನ್ನ ನಾಳೆ ಮಾಡೋಣ ಬಿಡಿ," ಎಂದ, ಮುಖ ಸಣ್ಣದು ಮಾಡಿಕೊಂಡು.

ನನಗೆ ಕೊಂಚ ಸಮಾಧಾನವಾಯಿತು. ಆದರೆ ಸ್ವಲ್ಪ ಹೊತ್ತಿಗೆ ಮತ್ತೆ ಅದೇ ನಗು, ಅದೇ ಕಣ್ಣುಮುಚ್ಚಾಲೆ. ಇರಲಿ, ಅವಳು ಯಾರೆಂದು ಇವನಿಗಿಂತ ಮೊದಲು ನಾನೇ ಪತ್ತೆ ಮಾಡುತ್ತೇನೆ ಎಂದುಕೊಂಡೆ. ಆ ಭಾಗವನ್ನು ಫೋನಿಗೆ ಹಾಕಿಕೊಂಡು ಮನೆಗೆ ಹೋದೆ.

ನಾನಿರುವುದು ಚಿಕ್ಕಮ್ಮನ ಜೊತೆ. ಅವಳು ಒಂದು ಕಾಲಕ್ಕೆ ಅದೇ ಕೇಂದ್ರದಲ್ಲಿ ಟೈಪಿಸ್ಟ್ ಆಗಿದ್ದವಳು, ಅಂದಿನವರೆಲ್ಲ ಅವಳಿಗೆ ಗೊತ್ತು.

"ಯಾರು ಚಿಕ್ಕಮ್ಮ ಇವಳು? ಇನ್ನೂ ಇದ್ದಾಳಾ?"

ಬೆಡ್‌ಶೀಟ್ ಮಡಿಸುತ್ತಿದ್ದ ಚಿಕ್ಕಮ್ಮ ಕಿವಿಗೊಟ್ಟು ಕೇಳಿದಳು. ಬೆಡ್‌ಶೀಟ್ ಕೈಯಿಂದ ಜಾರಿತು.

"ಅಯ್ಯೋ ಮಂಕೇ, ನಾನೇ ಕಣೇ ಅದು! ಪ್ರಶ್ನೆ ಟೈಪ್ ಮಾಡಿದ್ದನ್ನ ಕೊಡೋಕೆ ಸ್ಟುಡಿಯೋ ಒಳಗೆ ಹೋಗಿದ್ದೆ. ನಕ್ಕಿದ್ದಕ್ಕೆ ಎಷ್ಟು ಬೈಸ್ಕೊಂಡೆ ಗೊತ್ತಾ!"

ಈಗ ಅವಳ ನಗು ಕೆಮ್ಮಿನಲ್ಲಿ ಮುಗಿಯುವುದರಿಂದ ನನಗೆ ಗುರುತೇ ಹತ್ತಿರಲಿಲ್ಲ. ನನಗೆ ಸ್ವರ್ಗಕ್ಕೆ ಮೂರೇ ಗೇಣು. ನನ್ನ ಸವತಿಗೆ ಎಪ್ಪತ್ತರ ಹತ್ತಿರ ವಯಸ್ಸು, ದಪ್ಪ ಕನ್ನಡಕ, ಎರಡೂ ಮಂಡಿಯಲ್ಲಿ ನೋವು! ಮರುದಿನವೇ ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಆಫೀಸಿಗೆ ಕರೆತಂದೆ.

"ತಗೊಳ್ಳಿ, ನಿಮ್ಮ ನಗುವಿನ ಒಡತಿ," ಎಂದೆ.

ಅವನ ಮುಖ ಬಾಡುತ್ತದೆ ಎಂದುಕೊಂಡಿದ್ದೆ. ಅದು ಅರಳಿತು. ನನಗೆ ಮೈಯೆಲ್ಲ ಉರಿಯಿತು.

"ನನ್ನ ನಗು ಅಷ್ಟು ಚೆನ್ನಾಗಿದೆಯೇನಪ್ಪಾ?" ಎಂದಳು ಚಿಕ್ಕಮ್ಮ.

"ತುಂಬಾ, ಅಮ್ಮಾ." ಅವಳಿಗೆ ಕುರ್ಚಿ ಸರಿಸಿದ. "ನೀವು ಇವರಿಗೆ ಏನಾಗ್ಬೇಕು?"

"ಚಿಕ್ಕಮ್ಮ."

"ಅಂದ್ಕೊಂಡೆ, ಸಂಬಂಧಿಕರೇ ಇರ್ಬೇಕು ಅಂತ."

"ಅದ್ಹೇಗೆ ಅಂದ್ಕೊಂಡ್ರಿ?" ನಾನು ಗದರಿದೆ.

ಮೌನಿಬಾಬಾ ಅಂದು ಎಂದೂ ಆಡದಷ್ಟು ಮಾತಾಡಿದ. "ನೀವು ಇಲ್ಲಿಗೆ ಬಂದ ಹೊಸದ್ರಲ್ಲಿ ಟೇಪ್ ನನ್ನ ಕೈಗೆಲ್ಲ ಸುತ್ಕೊಂಡಿತ್ತು. ಆಗ ನಕ್ಕಿದ್ರಿ. ಥೇಟ್ ಹೀಗೇ, ಗೊರಕೆ ಸಮೇತ. ಆಮೇಲೆ ನನ್ನ ಮುಂದೆ ಒಂದ್ಸಲನಾದ್ರೂ ನಕ್ಕಿದೀರಾ? ಮುಖ ಗಂಟು ಹಾಕ್ಕೊಂಡೇ ಇರ್ತೀರಿ. ಇನ್ನೊಂದ್ಸಲ ನಗಿ ಅಂತ ಹೇಗೆ ಕೇಳ್ಲಿ? ಅದಕ್ಕೇ ಇದನ್ನ ಕೇಳ್ತಿದ್ದೆ."

ಅವನೆದುರು ನಾನು ನಗದೇ ಇದ್ದದ್ದು ನಿಜ. ಮನಸ್ಸು ಎಲ್ಲಿ ಹೊರಗೆ ಬಿದ್ದುಬಿಡುತ್ತದೋ ಎಂದು ಬಿಗಿದುಕೊಂಡು ಕೂರುತ್ತಿದ್ದೆ. ತನ್ನದೇ ನಗುವಿನ ಗುರುತು ಯಾರಿಗೆ ತಾನೇ ಹತ್ತುತ್ತದೆ? ಇಷ್ಟು ದಿನ ನಾನು ಹೊಟ್ಟೆ ಉರಿದುಕೊಂಡದ್ದು ನನ್ನ ಮೇಲೆಯೇ.

"ಕ್ಯಾಂಟೀನು ಹಳೇ ಜಾಗದಲ್ಲೇ ಇದೆ ತಾನೇ? ಒಂದು ಟೀ ಕುಡಿದು ಬರ್ತೀನಿ," ಎಂದು ಚಿಕ್ಕಮ್ಮ ಮಂಡಿ ಹಿಡಿದುಕೊಂಡು ಎದ್ದಳು. ಹೋಗುವಾಗ ಬಾಗಿಲು ಎಳೆದುಕೊಂಡಳು.

"ಆ ಟೇಪ್ ಇನ್ನು ಮುಟ್ಟಕೂಡದು," ಎಂದೆ.

"ಅದು ನಿಮ್ಮ ಚಿಕ್ಕಮ್ಮಂದು! ಅವರ ಮೇಲೂ ಹೊಟ್ಟೆಕಿಚ್ಚಾ?"

"ಹೌದು. ನಾನು ಎದುರಿಗೇ ಕೂತಿರುವಾಗ ಬೇರೆಯವರ ನಗು ಯಾಕೆ?"

"ಹಾಗಾದ್ರೆ ನೀವು ನಗ್ತೀರಾ?"

"ಮದುವೆ ಮಾಡ್ಕೊಂಡು ನಗಿಸಿ ನೋಡಿ."

ಮಾತು ಬಾಯಿಂದ ಜಾರಿದ ಮೇಲೆ ನನಗೇ ಗಾಬರಿಯಾಯಿತು. ಅವನು ಎದ್ದು ನಿಂತ, ಕುರ್ಚಿ ಹಿಂದಕ್ಕೆ ಉರುಳಿತು, ಅದನ್ನು ಎತ್ತಲು ಬಗ್ಗಿ ಮೇಜಿಗೆ ತಲೆ ಬಡಿದುಕೊಂಡ. ಹಣೆ ಉಜ್ಜಿಕೊಳ್ಳುತ್ತಲೇ, "ನಾಳೆನೇ ಆಗ್ಲಿ," ಎಂದ.

ಆಗ ನಾನು ನಕ್ಕಿದ್ದು ಕ್ಯಾಂಟೀನಿನಲ್ಲಿ ಕೂತಿದ್ದ ಚಿಕ್ಕಮ್ಮನಿಗೂ ಕೇಳಿಸಿತಂತೆ.