ಅರವತ್ತು ಕೆಜಿಯ ಅಜ್ಜಿ

“ಒಂದು ಲೋಟ ನೀರು ಕೊಡೋಕೂ ಲೆಕ್ಕ ಹಾಕ್ತೀರಲ್ಲ, ನೀವೆಂಥ ಡಾಕ್ಟರ್ರಿ?”

ದರ್ಜಿ ಹುಡುಗಿ ರೇಗಿದಳು. ಆಸ್ಪತ್ರೆಯ ಮಂಚದ ಮೇಲೆ ಅವಳ ಅಜ್ಜಿ ಅರೆಗಣ್ಣು ಬಿಟ್ಟು ಮಲಗಿದ್ದಳು; ತುಟಿ ಒಣಗಿ ಬಿರುಕುಬಿಟ್ಟಿತ್ತು, ಕರೆದರೆ ಓಗೊಡುತ್ತಿರಲಿಲ್ಲ. ಐದು ದಿನದ ಜ್ವರದಲ್ಲಿ ಮುದುಕಿ ಒಮ್ಮೆಯೂ ಬಾಯಾರಿಕೆ ಎಂದಿರಲಿಲ್ಲ. ಹೊಲಿಗೆಯ ಗಡಿಬಿಡಿಯಲ್ಲಿ ಮೊಮ್ಮಗಳೂ ಕೇಳಿರಲಿಲ್ಲ. ಹೆತ್ತವರಿಲ್ಲದ ಅವಳಿಗೆ ತನ್ನದೆನ್ನಲು ಇದ್ದದ್ದು ಇದೊಂದೇ ಜೀವ.

ಡಾಕ್ಟರ್ ಸಿಟ್ಟಾಗಲಿಲ್ಲ. ಕೋಟಿನ ಗುಂಡಿ ಹಾಕಿಸುವ ನೆಪದಲ್ಲಿ ಆರು ತಿಂಗಳಿಂದ ಅವಳ ಅಂಗಡಿಗೆ ಎಡತಾಕುತ್ತಿದ್ದವನು. ಗಟ್ಟಿಯಾಗಿದ್ದ ಗುಂಡಿಯನ್ನೂ ಕಿತ್ತು ತರುತ್ತಾನೆಂಬ ಗುಮಾನಿ ಅವಳಿಗಿತ್ತು.

“ಈಗ ಬಾಯಿಗೆ ಹಾಕಿದ್ರೆ ಶ್ವಾಸಕೋಶಕ್ಕೆ ಹೋಗುತ್ತೆ. ಡ್ರಿಪ್ಪಲ್ಲಿ ಕೊಡ್ತಿದೀನಿ. ಇಲ್ನೋಡಿ, ರಕ್ತದಲ್ಲಿ ಸೋಡಿಯಂ ನೂರ ನಲವತ್ತು ಇರ್ಬೇಕು, ಅಜ್ಜಿಗೆ ನೂರ ಅರವತ್ತೆಂಟು. ಮೈಯ ನೀರು ಬತ್ತಿದಷ್ಟೂ ಅದು ಏರುತ್ತೆ; ಈಗ ಐದನೇ ಒಂದು ಪಾಲು ಹೆಚ್ಚು. ಅರವತ್ತು ಕೆಜಿಯ ವಯಸ್ಸಾದ ಹೆಂಗಸಿನ ಮೈಯಲ್ಲಿ ಅಂದಾಜು ಇಪ್ಪತ್ತೇಳು ಲೀಟರ್ ನೀರು. ಅದರ ಐದನೇ ಒಂದು ಪಾಲು, ಐದು ಲೀಟರ್ ಚಿಲ್ಲರೆ, ಕಡಿಮೆ ಬಿದ್ದಿದೆ. ಮೂರು ದಿನಕ್ಕೆ ಹಂಚಿ ಕೊಡ್ತೀನಿ. ಅವಸರ ಮಾಡಿ ಸೋಡಿಯಂ ಸರ್ರನೆ ಇಳಿಸಿದ್ರೆ ಮಿದುಳು ಊದ್ಕೊಳ್ಳುತ್ತೆ. ಫಿಟ್ಸ್ ಬರ್ಬಹುದು. ಅದಕ್ಕಿಂತ ಕೆಟ್ಟದ್ದೂ ಆಗ್ಬಹುದು.”

ಅರವತ್ತು! ಹುಡುಗಿ ಡ್ರಿಪ್ಪಿನ ಕಡೆ ತಿರುಗಿದಳು.

“ನಾನು ಅರವತ್ತು ಕೆಜಿಯ ಆಳು ಕಣೇ” ಎಂದು ಅಜ್ಜಿ ಬೀದಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳಲ್ಲ, ಬೆಳಿಗ್ಗೆ ದಾಖಲು ಮಾಡುವಾಗ ತೂಕ ಕೇಳಿದರೆ ಇವಳು ಅದನ್ನೇ ಒದರಿಬಿಟ್ಟಿದ್ದಳು. ಈ ವರ್ಷ ಅಜ್ಜಿಯ ರವಿಕೆಗಳನ್ನು ಎರಡೆರಡು ಸಲ ಪಕ್ಕ ಹಿಡಿದು ಹೊಲಿದ ಕೈ ಮಾತ್ರ ಇವಳದೇ.

“ಡಾಕ್ಟ್ರೇ, ನಿಲ್ಸಿ ಅದನ್ನ! ಅಜ್ಜಿ ಅರವತ್ತಿಲ್ಲ, ನಾನೇ ತಪ್ಪು ಹೇಳ್ದೆ. ಸುತ್ತಳತೇಲೇ ಆರು ಇಂಚು ಇಳಿದಿದಾಳೆ.”

ಅವನು ತಟ್ಟನೆ ಡ್ರಿಪ್ ನಿಲ್ಲಿಸಿದ. ನರ್ಸ್ ತೂಕದ ಯಂತ್ರ ತಂದಿಟ್ಟಳು. ಅಜ್ಜಿಯನ್ನು ಮಗುವಿನಂತೆ ಎತ್ತಿಕೊಂಡು ತಾನೇ ಅದರ ಮೇಲೆ ನಿಂತ.

“ಎಷ್ಟು? ಓದಿ.”

“ನೂರ ಹತ್ತು.”

“ನಾನು ಎಪ್ಪತ್ತು. ಅಜ್ಜಿ ನಲವತ್ತೇ.”

ಅಂದರೆ ಮೈಯಲ್ಲಿ ನೀರು ಹದಿನೆಂಟೇ ಲೀಟರ್; ಬೇಕಾದದ್ದು ಮೂರೂವರೆ ಲೀಟರಿಗೆ ತುಸು ಹೆಚ್ಚು, ಅಷ್ಟೇ. ಎರಡು ಗಂಟೆಯಿಂದ ನೀರು ಒಂದೂವರೆ ಪಟ್ಟು ವೇಗದಲ್ಲಿ ಇಳಿಯುತ್ತಿತ್ತು. ಅವನು ವೇಗ ತಗ್ಗಿಸಿ ಡ್ರಿಪ್ ಮತ್ತೆ ಬಿಟ್ಟ, ರಕ್ತವನ್ನು ಪರೀಕ್ಷೆಗೆ ಕಳಿಸಿದ.

ವರದಿಗೆ ಮುಕ್ಕಾಲು ಗಂಟೆ. ಅಜ್ಜಿಯ ಬೆರಳು ಅದುರಿದರೂ ಹುಡುಗಿ ಫಿಟ್ಸೇ ಬಂತೆಂದು ಎದ್ದು ನಿಲ್ಲುತ್ತಿದ್ದಳು.

“ನಾನೇ ಕೊಂದ್ಬಿಟ್ನಾ?”

“ಇಲ್ಲ. ತೂಕ ನೋಡದೆ ಲೆಕ್ಕ ಹಾಕಿದ್ದು ನಾನು. ಕೇಸ್ ಶೀಟಲ್ಲೂ ಹಾಗೇ ಬರೆದಿದೀನಿ.” ಅವನು ಡ್ರಿಪ್ಪಿನ ಹನಿ ಎಣಿಸಿದ. “ನನಗೂ ಭಯ ಆಗ್ತಿದೆ. ಬೇರೆ ಯಾರ ಅಜ್ಜಿ ಆಗಿದ್ರೂ ಕೈ ಇಷ್ಟು ನಡುಗ್ತಿರ್ಲಿಲ್ಲ.”

“ಅಂದ್ರೆ?”

“ಅಂದ್ರೆ... ಅಷ್ಟೇ.” ಅವನ ಕಿವಿ ಕೆಂಪಾಯಿತು.

ನರ್ಸ್ ಬಾಗಿಲಿಗೆ ಬಂದಳು. “ನೂರ ಅರವತ್ತೇಳು, ಸರ್.”

ಡಾಕ್ಟರ್ ವರದಿ ಇಸಿದುಕೊಂಡು ನೋಡಿದ. “ಒಂದೇ ಇಳಿದಿದೆ. ಸದ್ಯ! ಆದ್ರೆ ಗಂಡಾಂತರ ಕಳೆದಿಲ್ಲ. ಮೂರು ದಿನ, ನಾಲ್ಕು ಗಂಟೆಗೊಮ್ಮೆ ನೋಡ್ತಿರ್ಬೇಕು.”

“ನೀವಿರ್ತೀರಾ?”

“ಡ್ಯೂಟಿ ಸಂಜೆಗೆ ಮುಗಿಯುತ್ತೆ.”

“ನಾನು ಡ್ಯೂಟಿ ಕೇಳ್ಲಿಲ್ಲ.”

ಅವನು ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತ. ಅವಳ ಒಂದು ಕೈ ಅಜ್ಜಿಯ ಕೈಯಲ್ಲಿತ್ತು. ಇನ್ನೊಂದನ್ನು ಅವನ ಕೈಮೇಲೆ ಇಟ್ಟಳು. ಎರಡು ಕೈಗಳ ನಡುಕ ನಿಲ್ಲಲು ಬಹಳ ಹೊತ್ತು ಹಿಡಿಯಿತು.