ಸುರಿದುಬಿಟ್ಟ ಔಷಧಿ

"ನನ್ನ ತಂಗಿ ಮೈಗೆ ವೈರಸ್ ಹಾಕ್ತೀರಂತೆ? ಯಾರನ್ನ ಕೇಳಿ?"

ಆಸ್ಪತ್ರೆಯ ಪ್ರಯೋಗಾಲಯದ ಬಾಗಿಲಲ್ಲಿ ನಿಂತಿದ್ದ ಲಿಫ್ಟ್ ಮೆಕ್ಯಾನಿಕ್‌ನ ಕಣ್ಣು ಕೆಂಡವಾಗಿತ್ತು.

ಒಳಗೆ ಔಷಧಿ ತಯಾರಿಸುತ್ತಿದ್ದ ಯುವ ವಿಜ್ಞಾನಿ ಮೆಲ್ಲಗೆ ನಕ್ಕಳು. "ವೈರಸ್ ಅಲ್ಲ. ಕಣ್ಣಿಗೆ ಕಾಣದಷ್ಟು ಚಿಕ್ಕ ಕೊಬ್ಬಿನ ಹನಿಗಳು. ನಿಮ್ಮ ತಂಗಿ ಲಿವರ್‌ನಲ್ಲಿ ಒಂದು ಜೀನ್ ಕೆಟ್ಟಿದೆ. ಸರಿಯಾದ ಜೀನನ್ನ ಈ ಹನಿಯೊಳಗಿಟ್ಟು ಕಳಿಸ್ತೀವಿ."

"ಅವಳು ಕರಿದದ್ದು ತಿಂದ್ರೇ ಬೈತೀನಿ. ನೀವು ರಕ್ತಕ್ಕೇ ಕೊಬ್ಬು ಸೇರಿಸ್ತೀರಾ!"

ಇಬ್ಬರೂ ನಕ್ಕುಬಿಟ್ಟರು.

ಅಪ್ಪ-ಅಮ್ಮ ಇಲ್ಲದ ತಂಗಿಯನ್ನು ಸಾಕಿದವನು ಅವನೇ. ಪರೀಕ್ಷೆಗಳು ನಡೆದ ಮೂರು ತಿಂಗಳೂ ತಂಗಿಯನ್ನು ವಾರ್ಡಿಗೆ ಬಿಟ್ಟು ಈ ಬಾಗಿಲಿಗೆ ಬಂದು ಹೋಗುತ್ತಿದ್ದ. ಅವನ ಹೆಜ್ಜೆ ಸಪ್ಪಳ ಕೇಳಿದರೆ ಒಳಗೆ ಅವಳ ಕೈ ಕೆಲಸ ಮರೆಯುತ್ತಿತ್ತು... ಹೇಳಿಕೊಳ್ಳಲು ಮಾತ್ರ ಇಬ್ಬರಿಗೂ ಬಾಯಿ ಬರಲಿಲ್ಲ.

ಇಂಜೆಕ್ಷನ್ ಕೊಡಬೇಕಿದ್ದ ಬೆಳಿಗ್ಗೆ ಅವಳು ಔಷಧಿಯ ಕೊನೆಯ ತಪಾಸಣೆ ಮಾಡಿದಳು. ಹನಿಗಳು ಒಂದಕ್ಕೊಂದು ಅಂಟಿ ಗಂಟುಗಟ್ಟಿದ್ದವು! ರಕ್ತಕ್ಕೆ ಹೋದರೆ ಶ್ವಾಸಕೋಶದ ನಾಳಗಳೇ ಕಟ್ಟಿಕೊಳ್ಳುತ್ತವೆ.

ಅಷ್ಟನ್ನೂ ಕಸಕ್ಕೆ ಸುರಿದುಬಿಟ್ಟಳು.

ಹೊಸದು ತಯಾರಾಗಲು ಮೂರು ವಾರ ಬೇಕಿತ್ತು. ಕಾಯಿಲೆ ಕಾಯಲಿಲ್ಲ. ತಂಗಿ ಎರಡೇ ವಾರ ಉಳಿದಳು.

"ಸಾಯೋಳಿಗೆ ಇನ್ನೇನ್ ಅಪಾಯ ರೀ? ಒಂದ್ಸಲ ಕೊಟ್ಟು ನೋಡ್ಬಹುದಿತ್ತಲ್ಲ!"

ಅವಳು ಬಾಯಿ ತೆರೆಯುವಷ್ಟರಲ್ಲಿ ಅವನು ಬೆನ್ನು ತಿರುಗಿಸಿ ಹೊರಟುಹೋದ.

'ಅವನು ಹೇಳಿದ್ದೇ ನಿಜವಾಗಿದ್ದರೆ?' ಹಾಗೆಂದು ಎಷ್ಟು ದಿನ ಅತ್ತಳೋ! ಆದರೂ ಕೆಲಸ ಬಿಡಲಿಲ್ಲ.

ಎಂಟು ತಿಂಗಳ ಮೇಲೆ, ಒಂದು ಮಧ್ಯಾಹ್ನ ಅವನು ಬಂದ. ಸೊರಗಿಹೋಗಿದ್ದ.

"ನಿನ್ನೆ ಒಂದು ಲಿಫ್ಟ್ ನಿಲ್ಲಿಸಿದೆ. ಉಕ್ಕಿನ ಹಗ್ಗದ ಎಳೆಗಳು ಹರಿದಿದ್ವು. ಆರನೇ ಮಹಡೀಲಿ ಒಬ್ರು ಅಜ್ಜನಿಗೆ ಎದೆನೋವು. ಅವರ ಮಗ ನನ್ನ ಕಾಲರ್ ಹಿಡಿದು, 'ಒಂದೇ ಒಂದ್ಸಲ ಓಡ್ಸಯ್ಯಾ' ಅಂತ ಅತ್ತ. ನಾನು ಓಡ್ಸಲಿಲ್ಲ..."

"ಅಜ್ಜ?"

"ಮೆಟ್ಟಿಲಲ್ಲಿ ಹೊತ್ಕೊಂಡು ಇಳಿಸಿದ್ವಿ. ಉಳೀಲಿಲ್ಲ." ಅವನು ತಲೆಯೆತ್ತಿ ಅವಳನ್ನು ನೋಡಿದ. "ಅವತ್ತು ನೀವು ಒಬ್ರೇ ಹೇಗೆ ತಡ್ಕೊಂಡ್ರಿ?"

"ತಡ್ಕೊಂಡಿಲ್ಲ..." ಅವಳ ಕಣ್ಣು ತುಂಬಿ ಬಂತು. "ಇವತ್ತಿಗೂ ಇಲ್ಲ."

"ನನ್ನ ಕ್ಷಮಿಸಿ. ನೀವಂದ್ರೆ ನಂಗೆ ಪ್ರಾಣ. ಅವಳಿದ್ದಾಗ್ಲೇ ಹೇಳ್ಬೇಕಿತ್ತು."

"ಅವಳಿಗೆ ಗೊತ್ತಿತ್ತು. ನೀವಿಲ್ಲದಾಗ ನಾನು ವಾರ್ಡಿಗೆ ಹೋದ್ರೆ, ನನ್ನನ್ನ 'ಅತ್ತಿಗೆ' ಅಂತಲೇ ಕರೀತಿದ್ಲು."

ಅವನು ಸ್ಟೂಲಿನ ಮೇಲೆ ಕುಸಿದು ಬಿಕ್ಕಿಬಿಕ್ಕಿ ಅತ್ತ. ಅವಳು ಅವನ ತಲೆಯ ಮೇಲೆ ಕೈಯಿಟ್ಟಳು.

"ಇನ್ನೊಂದ್ಸಲ ಹೇಳಿ... ಏನಂತ ಕರೀತಿದ್ಲು?"

"ಅತ್ತಿಗೆ..."