ಸತ್ತ ಸರ್ವರ್‌ಗೆ ಕಾವಲು

"ಕೈ ತೆಗಿ!"

ಗೂಳಿ ಎಂಬ ಧಡಿಯನ ಬೆರಳುಗಳು ಇಕ್ಕಳದಂತೆ ನನ್ನ ಕತ್ತನ್ನು ಕಚ್ಚಿದ್ದವು. ನನ್ನ ಬೆರಳು ಮೌಸ್ ಮೇಲೆ. ಪರದೆಯಲ್ಲಿ ಒಂದೇ ಪ್ರಶ್ನೆ... ಈ ಸರ್ವರ್ ಹೆಸರು ಅಳಿಸಲೇ, ಬೇಡವೇ?

"ಕೈ ತೆಗಿ ಅಂದ್ರೆ ತೆಗೀಬೇಕು! ಕತ್ತು ಮುರೀತೀನಿ!"

ಮುರಿಯುತ್ತಿದ್ದ. ಅನುಮಾನವೇ ಬೇಡ!

ಒಂದು ಹೆಸರು ಅಳಿಸುವುದಕ್ಕೆ ಕತ್ತು ಯಾಕೆ ಮುರಿಯಬೇಕು ಅಂತೀರಾ? ಹೇಳುತ್ತೇನೆ, ತಾಳಿ.

ಕೆಟ್ಟ ನೆಟ್‌ವರ್ಕ್ ರಿಪೇರಿ ಮಾಡುವುದು ನನ್ನ ಕಸುಬು. ಆ ಬೆಳಿಗ್ಗೆ ಕರೆಸಿದ್ದು ಮೀನಿನ ಕೋಲ್ಡ್ ಸ್ಟೋರೇಜ್‌ನ ಒಡತಿ.

"ಹೊಸ ಮೇಲ್ ಸರ್ವರ್ ಹಾಕಿಸಿದ್ರೂ ಕೆಲವು ಮೇಲ್ ಬರ್ತಾನೇ ಇಲ್ಲ ಕಣಪ್ಪ. ಏನು ರೋಗ ನೋಡು."

ನೋಡಿದೆ. ಹಳೆಯ ಮೇಲ್ ಸರ್ವರ್ ಎಂದೋ ಸುಟ್ಟು ಗುಜರಿ ಸೇರಿತ್ತು. ಆದರೆ ನೆಟ್‌ವರ್ಕ್‌ನ ಡೈರೆಕ್ಟರಿಯಲ್ಲಿ ಅದರ ಹೆಸರು ಹಾಗೇ ಕೂತಿತ್ತು! ಯಾರ ಮೇಲ್ ಯಾವ ಯಂತ್ರದ ಮೂಲಕ ಹೋಗಬೇಕು ಎಂದು ಎಲ್ಲ ಕಂಪ್ಯೂಟರ್‌ಗಳೂ ಕೇಳುವುದು ಆ ಡೈರೆಕ್ಟರಿಯನ್ನೇ. ಅದು ಒಂದು ಗುಂಪಿನ ಮೇಲ್‌ಗಳನ್ನೆಲ್ಲ ಇನ್ನೂ ಸತ್ತ ಸರ್ವರ್ ಕಡೆಗೇ ಕಳಿಸುತ್ತಿತ್ತು. ಅವು ಹೋಗಲಾರದೆ ಸಾಲುಗಟ್ಟಿ ನಿಂತಿದ್ದವು.

ಯಾವ ಗುಂಪು?

ಗ್ಯಾಸ್ ಅಲಾರಂ!

ಆ ಕಟ್ಟಡವನ್ನು ತಣ್ಣಗಿಡುವುದು ಅಮೋನಿಯಾ. ಸೋರಿದರೆ ಕಣ್ಣು ಸುಡುತ್ತದೆ, ಎದೆ ಸುಡುತ್ತದೆ. ಸೋರಿದ ಕೂಡಲೇ ಗೋಡೆಯ ಸೆನ್ಸರ್‌ಗಳು ಕೆಲಸಗಾರರ ಫೋನಿಗೆಲ್ಲ ಮೇಲ್ ಮಾಡಬೇಕು. ಪಾಪ, ಮಾಡುತ್ತಲೇ ಇದ್ದವು. ಒಂದೂ ತಲುಪುತ್ತಿರಲಿಲ್ಲ. ನಾನು ನೋಡುತ್ತಿದ್ದ ಹಾಗೇ ಇನ್ನೊಂದು ಬಂದು ಸಾಲಿಗೆ ಸೇರಿತು.

ಪ್ಯಾಕಿಂಗ್ ಹಾಲ್... ಅಪಾಯ!

ಮ್ಯಾನೇಜರ್ ರೂಮಿಗೆ ನುಗ್ಗಿದೆ. ಮ್ಯಾನೇಜರ್ ಎಂದರೆ ಒಡತಿಯ ಅಳಿಯ. ಕಾಲು ಚಾಚಿಕೊಂಡು ಕಿತ್ತಳೆ ಸುಲಿಯುತ್ತಿದ್ದ.

"ಸರ್, ಪ್ಯಾಕಿಂಗ್ ಹಾಲ್ ಖಾಲಿ ಮಾಡ್ಸಿ! ಗ್ಯಾಸ್ ಸೋರ್ತಿದೆ!"

"ಗೊತ್ತು."

"ಗೊತ್ತಾ?!"

"ಆಗಾಗ ಸೋರುತ್ತೆ, ನಿಲ್ಲುತ್ತೆ. ಆ ಘಾಟು ಎಲ್ಲರಿಗೂ ಅಭ್ಯಾಸ. ಮುಂಚೆ ಅಲಾರಂ ಬಂದ್ರೆ ಸಾಕು, ಎಲ್ಲಾ ಕೆಲಸ ಬಿಟ್ಟು ಓಡೋರು. ಮಷಿನ್ ಬಂದ್, ಲೋಡ್ ಲೇಟ್. ಆ ಸರ್ವರ್ ಸತ್ತ ಮೇಲೆ ಎಷ್ಟು ನೆಮ್ಮದಿ ಗೊತ್ತೇನ್ರೀ?"

ತೊಳೆ ಬಾಯಿಗೆ ಹಾಕಿಕೊಂಡ. ಬೀಜ ಉಗಿದ. ನನ್ನ ಕಾಲ ಬುಡಕ್ಕೆ!

"ಆ ಹೆಸರು ಇದ್ದಲ್ಲೇ ಇರ್ಲಿ. ಮುಟ್ಟಬೇಡಿ."

ಬೆಳಿಗ್ಗೆಯಿಂದ ಮೀನಿನ ಕರುಳು ತುಳಿದುಕೊಂಡು ಓಡಾಡಿದ್ದೆ. ಆಗ ಬಾರದ ವಾಕರಿಕೆ ಈಗ ಬಂತು.

ತಿರುಗಿ ಓಟ ಕಿತ್ತೆ.

"ಗೂಳಿ! ಹಿಡಿಯೋ ಅವನನ್ನ! ಸರ್ವರ್ ಮುಟ್ಟೋಕೆ ಬಿಡಬೇಡ!"

ಗೂಳಿ ಅಳಿಯನ ಡ್ರೈವರ್. ತಲೆಗೂ ಭುಜಕ್ಕೂ ನಡುವೆ ಕುತ್ತಿಗೆ ಇದೆಯೋ ಇಲ್ಲವೋ ತಿಳಿಯದು. ಮೆಟ್ಟಿಲು ಹಾರಿದೆ. ಹಿಂದೆ ಧಡಧಡ ಬೂಟು! ಕಾರಿಡಾರ್‌ನಲ್ಲಿ ಒಟ್ಟಿದ್ದ ಥರ್ಮೋಕೋಲ್ ಡಬ್ಬಿಗಳನ್ನು ಎಳೆದು ಬೀಳಿಸಿದೆ. ಅವನು ಅವುಗಳ ಮೇಲೇ ನುಗ್ಗಿ ಬಂದ.

ಪ್ಯಾಕಿಂಗ್ ಹಾಲ್ ಕಾಂಪೌಂಡಿನ ಆ ತುದಿಯಲ್ಲಿ. ಅಷ್ಟು ದೂರ ಹೋಗಲು ಇವನು ಬಿಡುವುದಿಲ್ಲ. ಕೂಗಿದರೆ ಕಂಪ್ರೆಸರ್ ಸದ್ದಿನಲ್ಲಿ ಯಾರಿಗೂ ಕೇಳುವುದಿಲ್ಲ. ಸರ್ವರ್ ರೂಮ್ ಹತ್ತಿರ... ಅಲ್ಲಿಗೇ ನುಗ್ಗಿ ಚಿಲಕ ಹಾಕಿದೆ.

ಅಲಾರಂ ಹಂಚುವ ಕೆಲಸವನ್ನು ಹೊಸ ಸರ್ವರ್‌ಗೆ ಒಪ್ಪಿಸಿದೆ. ಸತ್ತ ಹೆಸರು ಅಳಿಸುವುದೊಂದೇ ಬಾಕಿ. ಅಷ್ಟರಲ್ಲಿ ಒಂದೇ ಒದೆತಕ್ಕೆ ಚಿಲಕ ಕಿತ್ತು ಬಂತು!

ಹಾಗೆ ಅವನ ಕೈಗೆ ನನ್ನ ಕತ್ತು ಸಿಕ್ಕಿದ್ದು.

"ಗೂಳಿ... ಹಾಲ್‌ನಲ್ಲಿ ಗ್ಯಾಸ್ ಕಣೋ!"

"ಸುಳ್ಳು ಬೊಗಳಬೇಡ! ಸೋರಿದ್ರೆ ನನ್ನ ಫೋನಿಗೆ ಬರ್ತಿತ್ತು!"

"ಬರಬಾರ್ದು ಅಂತಾನೇ ನಿನ್ನ ಇಲ್ಲಿಗೆ ಕಳಿಸಿರೋದು!"

ಹಿಡಿತ ಕೂದಲೆಳೆಯಷ್ಟು ಸಡಿಲವಾಯಿತು. ನನಗೆ ಅಷ್ಟು ಸಾಕು.

ಕ್ಲಿಕ್!

ಹೆಸರು ಮಾಯ.

ಏನೂ ಆಗಲಿಲ್ಲ...

ಗೂಳಿ ಮುಷ್ಟಿ ಎತ್ತಿದ. ನಾನು ಕಣ್ಣು ಮುಚ್ಚಿದೆ.

ಟ್ರಿಂಗ್!

ಅವನ ಜೇಬು! ಟ್ರಿಂಗ್! ಟ್ರಿಂಗ್! ಟ್ರಿಂಗ್! ನಿಲ್ಲುವ ಮಾತೇ ಇಲ್ಲ. ಎತ್ತಿದ ಕೈಯನ್ನು ಇಳಿಸಿ ಫೋನ್ ತೆಗೆದ. ಓದಿದ. ಅಷ್ಟು ದೊಡ್ಡ ಮುಖ ಸುಣ್ಣದಂತಾಯಿತು.

"ನಮ್ಮಕ್ಕ... ಪ್ಯಾಕಿಂಗ್‌ನಲ್ಲಿ ಇರೋದು ನಮ್ಮಕ್ಕ!"

ಈಗ ಅವನು ಮುಂದೆ, ನಾನು ಹಿಂದೆ.

ಹಾಲ್‌ನ ಬಾಗಿಲಿಂದ ಹೆಂಗಸರು ಏಪ್ರನ್‌ನಲ್ಲಿ ಮುಖ ಮುಚ್ಚಿಕೊಂಡು ಹೊರಗೆ ಬೀಳುತ್ತಿದ್ದರು. ಎಲ್ಲರ ಫೋನೂ ಕಿರುಚುತ್ತಿತ್ತು. ಅಕ್ಕ ಮಾತ್ರ ಇಲ್ಲ! ಗೂಳಿ ಬಾಗಿಲ ಬಳಿ ನಿಂತಿದ್ದ ಮೀನಿನ ಕೊಳಕು ನೀರಿನಲ್ಲಿ ಅಂಗಿ ಒದ್ದೆ ಮಾಡಿ ಮೂಗಿಗೆ ಕಟ್ಟಿಕೊಂಡು ಒಳಗೆ ಹೋದ. ನಾನೂ ಹೋದೆ. ಶೂರತನ ಅಂದುಕೊಳ್ಳಬೇಡಿ... ಅವನೊಬ್ಬನೇ ಹೋದರೆ ಇಬ್ಬರೂ ವಾಪಸು ಬರುವುದಿಲ್ಲ ಎಂದು ಗೊತ್ತಿತ್ತು. ಪೆಟ್ಟಿಗೆಗಳ ಹಿಂದೆ ಕುಸಿದಿದ್ದಳು. ಅವನು ಹೆಗಲು ಹಿಡಿದ, ನಾನು ಕಾಲು ಹಿಡಿದೆ. ಗೇಟಿನ ಆಚೆ ರಸ್ತೆಯವರೆಗೂ ಹೊತ್ತು ತಂದೆವು. ಉಸಿರಿತ್ತು. ಕಣ್ಣು ಊದಿ ಮುಚ್ಚಿಹೋಗಿತ್ತು.

"ತಮ್ಮಾ, ಉರೀತಿದೆ ಕಣೋ... ನೀರು..."

ನಲ್ಲಿ ಇದ್ದದ್ದು ಒಳಗೆ. ಗ್ಯಾಸ್ ಇದ್ದದ್ದೂ ಒಳಗೆ!

ಅಷ್ಟರಲ್ಲಿ ಒಡತಿಯ ಕಾರು ಬಂತು. ಇಳಿದು ಸುತ್ತ ನೋಡಿದಳು. ಫುಟ್‌ಪಾತ್ ತುಂಬ ಕೆಮ್ಮುತ್ತ, ಕಾರುತ್ತ ಬಿದ್ದಿದ್ದ ಹೆಂಗಸರು. ಆ ಕಡೆ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಅಳಿಯ. ಕಾರಿನಿಂದ ದೊಡ್ಡ ನೀರಿನ ಕ್ಯಾನ್ ಎತ್ತಿಕೊಂಡು ಸೀದಾ ಅಳಿಯನ ಹತ್ತಿರ ಹೋದಳು!

"ಮುಖ ಹೇಗೆ ಬಾಡಿದೆ ನೋಡಿ! ಕುಡೀರಿ ಮೊದಲು."

ಆಮೇಲೆ ನನ್ನ ಹತ್ತಿರ ಬಂದು ದನಿ ತಗ್ಗಿಸಿದಳು.

"ಮನೆ ಮರ್ಯಾದೆ ವಿಷಯ ಕಣಪ್ಪ. ಎಲ್ಲೂ ಬಾಯಿ ಬಿಡಬೇಡ."

ಇಂಥವರ ಕೆಲಸಕ್ಕೆ ಬಂದೆನಲ್ಲ ಎಂದು ನನ್ನ ಮೇಲೇ ಅಸಹ್ಯವಾಯಿತು.

"ನಾನು ಬಾಯಿ ಬಿಡೋದೇ ಬೇಡಮ್ಮ. ಆ ಅಲಾರಂ ಗುಂಪಿನಲ್ಲಿ ಸೇಫ್ಟಿ ಇನ್‌ಸ್ಪೆಕ್ಟರ್ ಕೂಡ ಇದ್ರು. ಸಾಲಿನಲ್ಲಿ ನಿಂತಿದ್ದ ಮೇಲ್‌ಗಳೆಲ್ಲ ಅವರಿಗೂ ಹೋಗಿವೆ."



ಗೂಳಿ ಎದ್ದ. ಅಳಿಯನ ತುಟಿಯಿಂದಲೇ ಕ್ಯಾನ್ ಕಿತ್ತುಕೊಂಡ. ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣಿಗೆ ನೀರು ಹುಯ್ಯತೊಡಗಿದ. ಆಂಬುಲೆನ್ಸ್ ಬಂದಾಗ ಅವಳು ಒಂದು ಕಣ್ಣು ತೆರೆದು ಅವನನ್ನು ಗುರುತು ಹಿಡಿದಳು. ಆ ಧಡಿಯ ಮಗುವಿನಂತೆ ಬಿಕ್ಕಿದ.

ಆಂಬುಲೆನ್ಸ್ ಹಿಂದೆಯೇ ಪೊಲೀಸ್ ಜೀಪು. ಪೊಲೀಸರಿಗೆ ತಿಳಿಸಲು ಸೇಫ್ಟಿ ಇನ್‌ಸ್ಪೆಕ್ಟರ್ ತಡ ಮಾಡಿರಲಿಲ್ಲ!

"ಅತ್ತೆ... ನೀರು..." ಅಳಿಯ ತೊದಲಿದ.

ಅತ್ತೆ ಬೇರೆ ಕಡೆ ನೋಡುತ್ತಿದ್ದಳು. ಉತ್ತರ ನಾನೇ ಕೊಟ್ಟೆ.

"ಸ್ವಲ್ಪ ತಡ್ಕೊಳ್ಳಿ ಸರ್... ಸ್ಟೇಷನ್‌ನಲ್ಲಿ ಕೊಡ್ತಾರೆ!"